ಮನೆತನದ ವಿಚಾರ: ಲೆಕ್ಕದ ಗಿರಣಿಯೂ ಮನೆಯ ವಿದ್ಯುತ್ತೂ

ಮನೆಯೊಳಗೆ ಹೊಸ ಯಂತ್ರವೊಂದು ಬಂದಾಗ ಅದರ ಬೆಲೆಯನ್ನು ಎಲ್ಲರೂ ಕೇಳುವರು. ಅದು ದಿನಾಲು ತಿನ್ನುವದೆಷ್ಟು ಎಂಬದನ್ನು ಕೇಳುವವರು ವಿರಳ. ನಮ್ಮ ಹಿರಿಯರು ಎತ್ತನ್ನು ಕೊಳ್ಳುವಾಗ ಅದರ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು. ಅದರ ಸಂಗಡಲೇ ತಮ್ಮ ಹಿತ್ತಲಲ್ಲಿರುವ ಹುಲ್ಲಿನ ಬಣವೆಯನ್ನೂ ಒಮ್ಮೆ ನೋಡಿಕೊಳ್ಳುತ್ತಿದ್ದರು. ಈ ತಿಂಗಳು ನಾವು ವಿಚಾರಕ್ಕೆ ತೆಗೆದುಕೊಂಡ ಯಂತ್ರವೆಂದರೆ ಗಣಕದ ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುವದು ಇದರ ಹುಟ್ಟುಗೆಲಸವಾಗಿದ್ದರೂ, ಇದನ್ನು ಹಗಲಿರುಳು ದುಡಿಸಿ ಬಿಟ್‌ಕಾಯಿನ್ ಜಾತಿಯ ಅಂಕನಾಣ್ಯಗಳನ್ನು ಹುಟ್ಟಿಸಬಹುದೆಂಬ ಮಾತು ಇಂದು ಹಳ್ಳಿಗಳಿಗೂ ತಲುಪಿದೆ. ಕಾರ್ಡಿನ ಒಳಗಿನ ಏರ್ಪಾಡನ್ನು ತಿದ್ದಿದರೆ ಅದು ಕಡಿಮೆ ತಿಂದು ಹೆಚ್ಚು ದುಡಿಯುವದೆಂಬ ಮಾತೂ ಅದರ ಬೆನ್ನಿಗೇ ಬಂದಿದೆ. ಇದರಲ್ಲಿ ನಿಜವೆಷ್ಟು, ಗೃಹಸ್ಥನಿಗೆ ಲಾಭವೆಷ್ಟು ಎಂಬದನ್ನು ವಾಚಕರ ಸಂಗಡ ಕೂಡಿ ನೋಡುವ.

ವಿಚಾರವು ಗಾಳಿಯಲ್ಲಿ ನಿಲ್ಲಬಾರದೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳುವ. ಅದು ಕಾರವಾರ ತಾಲೂಕಿನ ಚೆಂಡಿಯಾದಲ್ಲಿದೆ ಎನ್ನೋಣ. ಒಂದು ಕಡೆಗೆ ನಾಗರಮಡಿ ಜಲಪಾತದ ಕಾಡು, ಇನ್ನೊಂದು ಕಡೆಗೆ ಅಂಕೋಲೆಗೆ ಹೋಗುವ ಹೆದ್ದಾರಿ. ನೆರೆಯ ಅರಗಾದಲ್ಲಿ 2005ರಲ್ಲಿ ಸೇವೆಗೆ ಸೇರಿದ ಕದಂಬ ನೌಕಾನೆಲೆ. ಆ ನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳಲ್ಲಿ ಭೂಮಿಯನ್ನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಅನೇಕರು ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದದ್ದು ಈ ಕಡೆಯವರಿಗೆಲ್ಲ ತಿಳಿದಿದೆ. ನಮ್ಮ ಕಲ್ಪನೆಯ ಮನೆಯಲ್ಲಿ ಅಂಥ ಪರಿಹಾರದ ಹಣವು ಠೇವಣಿಯಾಗಿ ಉಳಿದಿದೆ. ಬೆಂಗಳೂರಿನಲ್ಲಿ ಓದಿ ಬಂದ ಮಗನು ಆರು ಹಳೆಯ ಕಾರ್ಡುಗಳನ್ನು ಕೊಂಡು ಅಟ್ಟದ ಕೋಣೆಯಲ್ಲಿ ಹೂಡಬೇಕೆನ್ನುವನು; ತಂದೆಯು ಠೇವಣಿಯನ್ನು ಮುರಿಯಲೋ ಬೇಡವೋ ಎಂದು ತೂಗುತ್ತಿರುವನು. ಮಗನದು ದುರಾಶೆಯಲ್ಲ, ತಂದೆಯದು ಅಜ್ಞಾನವಲ್ಲ. ಇಬ್ಬರಿಗೂ ಬೇಕಾದದ್ದು ಸರಿಯಾದ ಲೆಕ್ಕ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯುವ. ಈ ನಾಣ್ಯಗಳ ಕೊಡುಕೊಳ್ಳುವಿಕೆಯನ್ನು ಯಾವ ಬ್ಯಾಂಕೂ ಬರೆದಿಡುವದಿಲ್ಲ. ಲೋಕದ ತುಂಬ ಹರಡಿದ ಗಣಕಗಳು ಒಂದೇ ಖಾತೆಕಿರ್ದಿಯ ಪ್ರತಿಗಳನ್ನು ಇಟ್ಟುಕೊಂಡಿರುತ್ತವೆ. ಕಿರ್ದಿಗೆ ಹೊಸ ಪುಟವನ್ನು ಸೇರಿಸಬೇಕಾದರೆ ಒಂದು ಅಂಕಿಯ ಒಗಟನ್ನು ಬಿಡಿಸಿ ಮುದ್ರೆ ಒತ್ತಬೇಕು. ಒಗಟಿಗೆ ಜಾಣತನದ ದಾರಿಯಿಲ್ಲ; ಕೋಟಿಗಟ್ಟಲೆ ಊಹೆಗಳನ್ನು ಒಂದರ ಹಿಂದೊಂದು ಹಚ್ಚಿ ನೋಡುವದೊಂದೇ ದಾರಿ. ಮೊದಲು ಬಿಡಿಸಿದವನಿಗೆ ಹೊಸ ನಾಣ್ಯವು ಬಹುಮಾನ. ಇದಕ್ಕೇ ಗಣಿಗಾರಿಕೆ ಎಂಬ ಹೆಸರು. 2009ರಲ್ಲಿ ಬಿಟ್‌ಕಾಯಿನ್ ಆರಂಭವಾದಾಗ ಸಾಧಾರಣ ಗಣಕವೇ ಇದಕ್ಕೆ ಸಾಕಾಗುತ್ತಿತ್ತು. 2010ರಿಂದ ಗ್ರಾಫಿಕ್ಸ್ ಕಾರ್ಡುಗಳು ಬಂದವು. 2013ರಿಂದ ಈ ಒಂದೇ ಕೆಲಸಕ್ಕೆ ಕೊರೆದ ಚಿಪ್ಪುಗಳು ಬಂದು ಕಾರ್ಡುಗಳನ್ನು ಹಿಂದೆ ಹಾಕಿದವು. ಆದರೆ 2015ರಲ್ಲಿ ಹುಟ್ಟಿದ ಈಥೀರಿಯಮ್ ಎಂಬ ನಾಣ್ಯವು ತನ್ನ ಒಗಟನ್ನು ಬೇರೆ ತರದಲ್ಲಿ ಕಟ್ಟಿಕೊಂಡಿತ್ತು. ಪ್ರತಿಯೊಂದು ಊಹೆಗೂ ಕಾರ್ಡಿನ ಸ್ಮೃತಿಯಿಂದ ಬಹಳಷ್ಟು ಅಂಕಿಗಳನ್ನು ಎತ್ತಿ ತರಬೇಕಾಗಿದ್ದುದರಿಂದ ಅಲ್ಲಿ ಕಾರ್ಡುಗಳಿಗೆ ಬೆಲೆ ಉಳಿಯಿತು. ಏರ್ಪಾಡನ್ನು ತಿದ್ದುವ ವಿದ್ಯೆಯು ಬೆಳೆದದ್ದು ಈ ನಾಣ್ಯದ ನೆರಳಿನಲ್ಲಿಯೇ.

ಆ ವಿದ್ಯೆಯ ಮರ್ಮವು ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತಿನಲ್ಲಿ ತಿಳಿಯುವಂಥದು. ಭತ್ತ ಕುಟ್ಟುವಾಗ ಒಬ್ಬಳು ಒನಕೆ ಹಾಕುವಳು, ಇನ್ನೊಬ್ಬಳು ಕಣಜದಿಂದ ಭತ್ತ ತಂದು ಒರಳಿಗೆ ಸುರಿಯುವಳು. ತರುವವಳು ನಿಧಾನವಾದರೆ ಕುಟ್ಟುವವಳು ಎಷ್ಟು ಬಿರುಸಿನಿಂದ ಕುಟ್ಟಿದರೂ ಅಕ್ಕಿ ಹೆಚ್ಚಾಗುವದಿಲ್ಲ. ಅವಳ ತೋಳು ಮಾತ್ರ ಸೋಲುವದು. ಕಾರ್ಡಿನಲ್ಲಿ ಕುಟ್ಟುವದು ತಿರುಳು ಎಂಬ ಭಾಗ, ತಂದು ಸುರಿಯುವದು ಸ್ಮೃತಿ. ಆಟದ ಚಿತ್ರಗಳಿಗಾಗಿ ಕಾರ್ಖಾನೆಯವರು ತಿರುಳನ್ನು ಬಿರುಸಾಗಿ ಹೂಡಿರುತ್ತಾರೆ. ಈಥೀರಿಯಮ್ಮಿನ ಒಗಟಿಗೆ ಬೇಕಾಗಿದ್ದದ್ದು ಸ್ಮೃತಿಯ ಚುರುಕು. ಆದಕಾರಣ ತಿರುಳಿನ ವೇಗವನ್ನು ತಗ್ಗಿಸಿ ಸ್ಮೃತಿಯ ವೇಗವನ್ನು ಏರಿಸಿದರೆ ದುಡಿಮೆ ಹೆಚ್ಚುವದು, ತಿನ್ನುವದು ಕಡಿಮೆಯಾಗುವದು.

ಇದನ್ನು ಮಾಡುವ ಬಗೆಗಳು ಎರಡು. ಮೊದಲನೆಯದು ಗಣಕದೊಳಗಿನ ತಂತ್ರಾಂಶದಿಂದ ವೇಗವನ್ನೂ ವಿದ್ಯುತ್ತಿನ ಮಿತಿಯನ್ನೂ ಗೊತ್ತುಪಡಿಸುವದು. ಬೇಡವಾದಾಗ ಇದನ್ನು ಅಳಿಸಿಬಿಡಬಹುದು. ಎರಡನೆಯದು ಕಾರ್ಡಿನ ಮೇಲಿರುವ ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಬಯಾಸ್ ಎಂಬ ಮೂಲಲೇಖವನ್ನೇ ತಿದ್ದುವದು. ಎಎಂಡಿ ಸಂಸ್ಥೆಯ ಆರ್‌ಎಕ್ಸ್ 470, 480, 570, 580 ಕಾರ್ಡುಗಳಲ್ಲಿ ಈ ಎರಡನೆಯ ಬಗೆಯು ಬಹಳ ನಡೆಯಿತು. ಸ್ಮೃತಿಯು ಒಂದು ಅಂಕಿಯನ್ನು ಕೊಟ್ಟು ಇನ್ನೊಂದಕ್ಕೆ ಕೈಯಿಡುವ ಮೊದಲು ಎಷ್ಟು ತಡೆಯಬೇಕೆಂಬ ಕೋಷ್ಟಕವು ಆ ಲೇಖದಲ್ಲಿ ಒಂದೊಂದು ವೇಗಕ್ಕೆ ಒಂದೊಂದರಂತೆ ಇರುತ್ತದೆ. ವೇಗ ಹೆಚ್ಚಿದಂತೆ ತಡೆಯೂ ಸಡಿಲಾಗುತ್ತದೆ. ಕಡಿಮೆ ವೇಗದ ಬಿಗಿಯಾದ ಕೋಷ್ಟಕವನ್ನು, ಉದಾಹರಣೆಗೆ 1750 ಮೆಗಾಹರ್ಟ್ಸ್‌ನದನ್ನು, 2000ದ ಸ್ಥಾನಕ್ಕೆ ನಕಲು ಮಾಡಿದರೆ ಸ್ಮೃತಿಯು ವೇಗವಾಗಿಯೂ ಇದ್ದು ತಡವಿಲ್ಲದೆಯೂ ದುಡಿಯುವದು. ಹೀಗೆ ತಿದ್ದಿದ ಕಾರ್ಡು ಸೆಕೆಂಡಿಗೆ 22ರಿಂದ 24 ಮೆಗಾಹ್ಯಾಶ್, ಅಂದರೆ ಅಷ್ಟು ದಶಲಕ್ಷ ಊಹೆ, ಮಾಡುತ್ತಿದ್ದುದನ್ನು ಬಿಟ್ಟು 29ರಿಂದ 30ಕ್ಕೆ ಏರುತ್ತಿತ್ತು. ಎನ್ವಿಡಿಯಾ ಸಂಸ್ಥೆಯ ಹೊಸ ಪೀಳಿಗೆಯ ಕಾರ್ಡುಗಳಲ್ಲಿ ಮೂಲಲೇಖಕ್ಕೆ ಗುಪ್ತಸಹಿಯ ಬೀಗವಿರುವದರಿಂದ ಅಲ್ಲಿ ಮೊದಲನೆಯ ಬಗೆಯೇ ಗತಿ.

ಉಳಿತಾಯದ ಮುಖ್ಯ ಭಾಗವು ವೋಲ್ಟೇಜಿನಲ್ಲಿದೆ. ಚಿಪ್ಪು ದುಡಿಯುವಾಗ ತಿನ್ನುವ ವಿದ್ಯುತ್ತು ವೇಗದೊಡನೆ ಸಮವಾಗಿ ಏರುವದು, ವೋಲ್ಟೇಜಿನೊಡನೆ ವರ್ಗದ ಪ್ರಮಾಣದಲ್ಲಿ ಏರುವದು. 1.15 ವೋಲ್ಟಿನಿಂದ 0.90ಕ್ಕೆ ಇಳಿಸಿದರೆ ವೇಗವು ಹಾಗೇ ಇದ್ದರೂ ಈ ಭಾಗವು ನೂರಕ್ಕೆ ಸುಮಾರು 61ಕ್ಕೆ ಬರುವದು. 180 ವ್ಯಾಟು ತಿನ್ನುವ ಕಾರ್ಡನ್ನು 120 ವ್ಯಾಟಿನ ಆಸುಪಾಸಿಗೆ ತಂದದ್ದು ಇದರಿಂದಲೇ. ಇದರಲ್ಲಿ ಮಾಟವಿಲ್ಲ, ಮೋಸವೂ ಇಲ್ಲ.

ಆದರೆ ತಿದ್ದುವವನು ನಾಲ್ಕು ಮಾತುಗಳನ್ನು ಮರೆಯಲಾಗದು. ಮೊದಲನೆಯದಾಗಿ, ಮೂಲಲೇಖದ ಪ್ರತಿಯನ್ನು ತೆಗೆದು ಬೇರೆಡೆಯಲ್ಲಿ ಭದ್ರವಾಗಿಡದೆ ಒಂದು ಅಂಕಿಯನ್ನೂ ಮುಟ್ಟಬಾರದು. ಬರೆಯುವ ನಡುವೆ ವಿದ್ಯುತ್ತು ಹೋದರೆ ಕಾರ್ಡು ಏಳದೇ ಹೋಗಬಹುದು, ಮಳೆಗಾಲದ ಕರಾವಳಿಯಲ್ಲಿ ವಿದ್ಯುತ್ತು ಯಾವ ಗಳಿಗೆಗೆ ಹೋಗುವದೆಂದು ಹೇಳಲಾಗದು. ಕೆಲವು ಕಾರ್ಡುಗಳಲ್ಲಿ ಎರಡು ಲೇಖಗಳೂ ನಡುವೆ ಒಂದು ಗುಂಡಿಯೂ ಇರುತ್ತವೆ. ಅಂಥವನ್ನು ಬದುಕಿಸುವದು ಸುಲಭ. ಎರಡನೆಯದಾಗಿ, ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಎಲ್ಪಿಡಾ ಎಂದು ಸ್ಮೃತಿಚಿಪ್ಪುಗಳ ತಯಾರಕರು ಬೇರೆಬೇರೆ. ಒಬ್ಬರ ಕೋಷ್ಟಕವು ಇನ್ನೊಬ್ಬರ ಚಿಪ್ಪಿಗೆ ಒಗ್ಗದು. ಮೂರನೆಯದಾಗಿ, ಪರದೆಯಲ್ಲಿ ಕಾಣುವ ವೇಗವನ್ನು ನಂಬಬಾರದು. ಬಿಗಿ ಹೆಚ್ಚಾದ ಸ್ಮೃತಿಯು ತಪ್ಪು ಉತ್ತರಗಳನ್ನು ಕೊಡುವದು. ಸ್ವೀಕಾರವಾದ ಉತ್ತರಗಳೆಷ್ಟು, ತಿರಸ್ಕಾರವಾದವೆಷ್ಟು ಎಂದು ಒಂದು ದಿನವೆಲ್ಲ ಎಣಿಸಿದ ಮೇಲೆಯೇ ನಿಜವು ತಿಳಿಯುವದು. ತಿನ್ನುವ ವಿದ್ಯುತ್ತನ್ನೂ ಕಾರ್ಡಿನ ಮಾತಿನಿಂದ ತಿಳಿಯದೆ ಗೋಡೆಯ ಪ್ಲಗ್ಗಿಗೆ ಮಾಪಕವನ್ನು ಹಚ್ಚಿ ತಿಳಿಯಬೇಕು. ನಾಲ್ಕನೆಯದಾಗಿ, ಲೇಖವನ್ನು ತಿದ್ದಿದ ಕಾರ್ಡಿನ ಮೇಲೆ ಕಂಪನಿಯ ಹೊಣೆಯು ಉಳಿಯುವದೆಂದು ಆಶಿಸಬಾರದು.

ಇವೆಲ್ಲಕ್ಕಿಂತ ದೊಡ್ಡದು ಬೆಂಕಿಯ ಭಯ. ಆರು ಕಾರ್ಡುಗಳನ್ನು ಒಂದು ಫಲಕಕ್ಕೆ ಜೋಡಿಸಲು ರೈಸರ್ ಎಂಬ ಕೊಂಡಿಗಳನ್ನು ಬಳಸುತ್ತಾರೆ. ಒಂದು ರೈಸರು 75 ವ್ಯಾಟಿನ ವರೆಗೆ ಎಳೆಯಬಹುದು. ಅದಕ್ಕೆ ಅಗ್ಗವೆಂದು ಸಿಕ್ಕಿಸುವ ಸಾಟಾ ತಂತಿಯ ಮೂತಿಯು 12 ವೋಲ್ಟಿನಲ್ಲಿ ತಡೆಯಬಲ್ಲದ್ದು 54 ವ್ಯಾಟು ಮಾತ್ರ. ಮೂತಿ ಕರಗಿ ಹೊತ್ತಿಕೊಳ್ಳುವದು ಹೀಗೆಯೇ. ಹಂಚಿನ ಮಾಡು, ಮರದ ಅಟ್ಟ, ಹಳೆಯ ತಂತಿಗಳಿರುವ ಮನೆಯಲ್ಲಿ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಇಂಥ ಯಂತ್ರವನ್ನು ದುಡಿಯಬಿಡುವದು ಎಷ್ಟರಮಟ್ಟಿಗೆ ಸರಿಯೆಂಬದನ್ನು ಮನೆಯ ಹಿರಿಯರು ಯೋಚಿಸಲಿ. ತಿಂದ ವಿದ್ಯುತ್ತೆಲ್ಲವೂ ಶಾಖವಾಗಿ ಕೋಣೆಯಲ್ಲೇ ಉಳಿಯುವದು; ಕಡಲಗಾಳಿಯ ಉಪ್ಪೂ ತೇವವೂ ಲೋಹದ ಮೊನೆಗಳನ್ನು ತಿನ್ನುವವು.

ಇನ್ನು ಲೆಕ್ಕ. ತಿದ್ದದ ಆರು ಕಾರ್ಡುಗಳು, ಅವುಗಳ ಫಲಕ ಸೇರಿ 1160 ವ್ಯಾಟೆಂದೂ, ತಿದ್ದಿದರೆ 800 ವ್ಯಾಟೆಂದೂ ಹಿಡಿಯುವ. ಮೂವತ್ತು ದಿನ ಹಗಲಿರುಳು ದುಡಿದರೆ ಮೊದಲನೆಯದು 835 ಯೂನಿಟ್ಟು, ಎರಡನೆಯದು 576 ಯೂನಿಟ್ಟು. ಯೂನಿಟ್ಟಿಗೆ 7 ರೂಪಾಯಿಯೆಂದು ಎಣಿಸಿದರೆ ತಿದ್ದುವದರಿಂದ ತಿಂಗಳಿಗೆ 1,800 ರೂಪಾಯಿಗಳ ಮೇಲೆ ಉಳಿಯುವದು. ಮಗನು ತೋರಿಸುವ ಲೆಕ್ಕವು ಇದು, ಇದು ಸುಳ್ಳಲ್ಲ. ಆದರೆ ತಾಯಿಯ ಲೆಕ್ಕವು ಬೇರೆ. 2023ರ ಆಗಸ್ಟಿನಿಂದ ಕರ್ನಾಟಕದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿದ ಮಿತಿಯೊಳಗೆ ಬಳಸುವ ಮನೆಗೆ ಬಿಲ್ಲು ಇಲ್ಲ. ತಿಂಗಳ ಬಳಕೆಯು 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲನ್ನು ಕೊಡಬೇಕು. ನಮ್ಮ ಮನೆಯು ತಿಂಗಳಿಗೆ 90 ಯೂನಿಟ್ಟು ಬಳಸುತ್ತಿದ್ದು ಏನೂ ಕೊಡದೆ ಇತ್ತೆನ್ನಿರಿ. ತಿದ್ದಿದ ಗಿರಣಿಯನ್ನು ಹೂಡಿದ ಕೂಡಲೆ ಬಳಕೆ 666 ಯೂನಿಟ್ಟಾಗಿ, ಅದೇ ದರದಲ್ಲಿ 4,662 ರೂಪಾಯಿ ತೆರಬೇಕಾಗುವದು. ಆರು ಬೇಡ, ತಿದ್ದಿದ ಒಂದೇ ಕಾರ್ಡು ಫಲಕದೊಡನೆ 180 ವ್ಯಾಟು ತಿಂದರೂ ಬಳಕೆಯು 220ಕ್ಕೆ ಏರಿ ಸವಲತ್ತು ತಪ್ಪುವದು. ಕಾಳಿ ನದಿಯ ಕೈಗಾದಲ್ಲಿ 880 ಮೆಗಾವ್ಯಾಟಿನ ಅಣುಸ್ಥಾವರವು ನೆರೆಯಲ್ಲಿಯೇ ಇದ್ದರೂ ಕಾರವಾರದವರಿಗೆ ಅದರಿಂದ ವಿದ್ಯುತ್ತು ಅಗ್ಗವಾಗಿಲ್ಲ. ಅದಲ್ಲದೆ, ಮನೆಬಳಕೆಗೆಂದು ಪಡೆದ ಜೋಡಣೆಯನ್ನು ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಂತೆ ಎರಡು ಪಟ್ಟು ದರವನ್ನು ವಿಧಿಸಬಹುದಾಗಿದೆ.

ಸರಕಾರದ ತೆರಿಗೆಯನ್ನೂ ಎಣಿಸಬೇಕು. 2022ರ ಏಪ್ರಿಲ್ 1ರಿಂದ ಇಂಥ ನಾಣ್ಯಗಳ ಮಾರಾಟದ ಲಾಭಕ್ಕೆ ನೂರಕ್ಕೆ 30ರ ತೆರಿಗೆ, ಸೆಸ್ಸು ಸೇರಿ 31.2. ಗಣಿಗಾರಿಕೆಗೆ ಹಾಕಿದ ಯಂತ್ರದ ಖರ್ಚನ್ನು ನಾಣ್ಯದ ಕೊಳ್ಳುಬೆಲೆಯೆಂದು ಕಳೆಯಲಾಗದೆಂದು ಅರ್ಥಮಂತ್ರಾಲಯವು ಅದೇ ವರುಷ ಸಂಸತ್ತಿನಲ್ಲಿ ಹೇಳಿದೆ. 800 ವ್ಯಾಟಿನ ಗಿರಣಿಗೆ ದಿನಕ್ಕೆ 134 ರೂಪಾಯಿಯ ವಿದ್ಯುತ್ತು ಬೇಕು. ತೆರಿಗೆಯನ್ನು ಕೊಟ್ಟು ಅಷ್ಟು ಉಳಿಯಬೇಕಾದರೆ ದಿನಕ್ಕೆ 195 ರೂಪಾಯಿಯ ನಾಣ್ಯ ಹುಟ್ಟಬೇಕು. ಅಷ್ಟಾದರೂ ಕೊಂಡ ಕಾರ್ಡುಗಳ ಅಸಲು ಒಂದು ಪೈಯೂ ಬಂದಿರುವದಿಲ್ಲ.

ಹುಟ್ಟುವದೆಷ್ಟು? ಇಲ್ಲಿಯೇ ಕಥೆಯ ಮುಖ್ಯ ಭಾಗವಿದೆ. ಈಥೀರಿಯಮ್ಮಿನ ಒಗಟಿಗೆ ಬೇಕಾದ ಅಂಕಿಗಳ ರಾಶಿಯು ದಿನೇ ದಿನೇ ಬೆಳೆದು, 2020ರ ಕೊನೆಯಲ್ಲಿ 4 ಗಿಗಾಬೈಟಿನ ಕಾರ್ಡುಗಳಲ್ಲಿ ಹಿಡಿಸದಾಯಿತು. ಎಷ್ಟು ಚೆನ್ನಾಗಿ ತಿದ್ದಿದ್ದರೂ ಅವು ಮೂಲೆಗೆ ಸೇರಿದವು. 2021ರ ಫೆಬ್ರವರಿಯಲ್ಲಿ ಎನ್ವಿಡಿಯಾದವರು ಆಟಗಾರರಿಗೆ ಕಾರ್ಡುಗಳು ಸಿಗಲೆಂದು ಆರ್‌ಟಿಎಕ್ಸ್ 3060ರಲ್ಲಿ ಈ ದುಡಿಮೆಯನ್ನು ಅರ್ಧಕ್ಕೆ ಇಳಿಸಿದರು. ಮರುತಿಂಗಳೇ ತಮ್ಮದೇ ಒಂದು ತಂತ್ರಾಂಶದಿಂದ ಆ ಕಟ್ಟನ್ನು ತಿಳಿಯದೆ ಬಿಚ್ಚಿಬಿಟ್ಟರು. ಕೊನೆಗೆ 2022ರ ಸೆಪ್ಟೆಂಬರ್ 15ರಂದು ಈಥೀರಿಯಮ್ ಒಗಟಿನ ಪದ್ಧತಿಯನ್ನೇ ಕೈಬಿಟ್ಟಿತು. ಒಂದೇ ದಿನದಲ್ಲಿ ಲೋಕದ ಲಕ್ಷಾಂತರ ಕಾರ್ಡುಗಳಿಗೆ ಆ ಕೆಲಸವು ಇಲ್ಲವಾಯಿತು. ಅವು ಉಳಿದ ಸಣ್ಣ ನಾಣ್ಯಗಳ ಮೇಲೆ ಮುಗಿಬಿದ್ದವು. ಬಹುಮಾನವು ಅಷ್ಟೇ ಇದ್ದು ಪಾಲುಗಾರರು ಹೆಚ್ಚಿದ್ದರಿಂದ ಒಬ್ಬೊಬ್ಬನ ಪಾಲು ಸೊರಗಿತು. ರೇವನ್‌ಕಾಯಿನ್‌ದಂಥ ನಾಣ್ಯಗಳಲ್ಲಿ ತಿರುಳಿಗೂ ಕೆಲಸ ಹೆಚ್ಚಾಗಿರುವದರಿಂದ, ಸ್ಮೃತಿಗಾಗಿ ತಿದ್ದಿದ ಹಳೆಯ ಏರ್ಪಾಡು ಅಲ್ಲಿ ಅಷ್ಟು ನಡೆಯದು. ಮಾರುಕಟ್ಟೆಗೆ ಅಗ್ಗದ ಹಳೆಯ ಕಾರ್ಡುಗಳು ರಾಶಿರಾಶಿಯಾಗಿ ಬಂದ ಕಾರಣವೂ ಇದೇ. ಅಗ್ಗವಾಗಿ ಸಿಗುವದನ್ನು ಮಾರುವವನು ಯಾಕೆ ಮಾರುತ್ತಿರುವನೆಂದು ಕೇಳುವದು ಕೊಳ್ಳುವವನ ಧರ್ಮ.

ಆದಕಾರಣ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಭೂಮಿ ಹೋಗಿ ಬಂದ ಠೇವಣಿಯನ್ನು ಇದಕ್ಕಾಗಿ ಮುರಿಯಬಾರದು. ಆ ಹಣವು ಮತ್ತೆ ಹುಟ್ಟುವಂಥದಲ್ಲ. ಆದರೆ ಮಗನ ಕೈಯ ಕೌಶಲವನ್ನು ಜರೆಯಲೂಬಾರದು. ಓದಿಗೂ ಕೆಲಸಕ್ಕೂ ಒಂದು ಹಳೆಯ ಕಾರ್ಡು ಬೇಕಾದರೆ ಅವನೇ ಅದನ್ನು ಪರೀಕ್ಷಿಸಿ ಕೊಳ್ಳಲಿ: ಮೂಲಲೇಖವು ತಿದ್ದಿದ್ದಿದೆಯೋ ನೋಡಿ ಅದೇ ಮಾದರಿಯ ಕಾರ್ಖಾನೆಯ ಲೇಖವನ್ನು ತಿರುಗಿ ಬರೆಯಲಿ, ಪಂಖಗಳು ಸರಾಗವಾಗಿ ತಿರುಗುತ್ತವೆಯೋ, ಶಾಖವಾಹಕ ಲೇಪವು ಒಣಗಿದೆಯೋ ನೋಡಲಿ, ಒಂದೆರಡು ತಾಸು ಭಾರ ಹೊರಿಸಿ ಪರದೆಯಲ್ಲಿ ಕಲೆಗಳು ಮೂಡುತ್ತವೆಯೋ ಗಮನಿಸಲಿ. ವೋಲ್ಟೇಜನ್ನು ಹದವರಿತು ಇಳಿಸುವ ವಿದ್ಯೆಯು ಮನೆಯ ಸಾಧಾರಣ ಗಣಕಕ್ಕೂ ಉಪಯೋಗವಾಗುವಂಥದು. ಯಂತ್ರವು ತಂಪಾಗಿ, ಸದ್ದಿಲ್ಲದೆ, ಹೆಚ್ಚು ಕಾಲ ಬಾಳುವದು. ಇದನ್ನು ಬಲ್ಲ ಹುಡುಗನಿಗೆ ಕಾರವಾರದಲ್ಲಿಯಾಗಲಿ ಅಂಕೋಲೆಯಲ್ಲಿಯಾಗಲಿ ಗಣಕಗಳನ್ನು ದುರಸ್ತಿ ಮಾಡುವ ಕೆಲಸವು ಸಿಗದೆ ಹೋಗದು. ಇಷ್ಟಾಗಿಯೂ ಗಣಿಯ ಪ್ರಯೋಗವನ್ನು ಮಾಡಿಯೇ ನೋಡಬೇಕೆಂಬ ಹಂಬಲವಿದ್ದರೆ, ಇದ್ದ ಒಂದು ಕಾರ್ಡಿನಿಂದ, ಗೋಡೆಗೆ ಮಾಪಕ ಹಚ್ಚಿ, ಒಂದು ವಾರ ಮಾತ್ರ ನಡೆಸಿ, ಹುಟ್ಟಿದ್ದನ್ನೂ ತಿಂದದ್ದನ್ನೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಬರೆಯಲಿ; ಆ ಹಾಳೆಯನ್ನು ತಂದೆತಾಯಿಗಳೂ ಮಗನೂ ಒಟ್ಟಿಗೆ ಕುಳಿತು ಓದಲಿ.