ಹಳೆಯ ಕಾರಿನ ಪೆಟ್ರೋಲು ವಾಸನೆ

ತುಮಕೂರು, ಗುಬ್ಬಿ, ಕುಣಿಗಲುಗಳ ರಸ್ತೆಗಳಲ್ಲಿ ಮಾರುತಿ ೮೦೦ ಕಾರುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ೧೯೮೩ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಈ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಆದುದರಿಂದ ಅವುಗಳಲ್ಲಿ ಅತಿ ಕಿರಿಯದಕ್ಕೂ ಈಗ ಹತ್ತು ವರ್ಷ ಮೀರಿದೆ. ಒಡೆಯರು ಅವನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವುದು ಮೆಚ್ಚತಕ್ಕ ವಿಷಯವೇ. ಆದರೆ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಪೆಟ್ರೋಲಿನ ವಾಸನೆಯನ್ನು “ಹಳೆಯ ಗಾಡಿ, ಇದ್ದದ್ದೇ” ಎಂದು ತಳ್ಳಿಹಾಕುವ ರೂಢಿಯನ್ನು ಮಾತ್ರ ನಾವು ಒಪ್ಪಲಾರೆವು. ಹಳತಾದ ಮಾತ್ರಕ್ಕೆ ಕಾರು ನಾರುವುದಿಲ್ಲ, ಎಲ್ಲಿಯೋ ಸೋರುತ್ತಿರಬೇಕು.

ಪೆಟ್ರೋಲಿನ ಹನಿ ನೀರಿನ ಹನಿಗಿಂತ ಚಿಕ್ಕದು; ಸುಮಾರು ೫೦ ಹನಿ ಕೂಡಿದರೆ ಒಂದು ಮಿಲಿಲೀಟರು. ಆದರೂ ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ ಒಂದೂವರೆ ಲೀಟರಿಗೂ ಮಿಕ್ಕಿ ನಷ್ಟವಾಗುವುದು. ನಷ್ಟ ಹಾಗಿರಲಿ, ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದರದೆ ನೆಲವನ್ನು ಹಿಡಿದು ಹರಿದು, ಮುಚ್ಚಿದ ಷೆಡ್ಡಿನ ಮೂಲೆಯಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಈ ಆವಿ ಒಂದೂವರೆ ಪಾಲಿನಷ್ಟಾದರೆ ಸಾಕು, ಸ್ವಿಚ್ಚಿನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಸೋರುವುದು ಬಹುಮಟ್ಟಿಗೆ ರಬ್ಬರಿನ ದೆಸೆಯಿಂದ. ಉಕ್ಕಿನ ಕೊಳವೆಗಳ ನಡುನಡುವೆ ಜೋಡಿಸಿರುವ ರಬ್ಬರು ಕೊಳವೆ ಎಂಜಿನಿನ ಕಾವಿಗೆ ಒಣಗಿ, ಗಡುಸಾಗಿ, ಬಾಗಿದೆಡೆಯಲ್ಲಿ ಬಿರಿಯುತ್ತದೆ. ಇದರ ಮೇಲೆ ಈಚೆಗೆ ಇಂಧನವೇ ಬದಲಾಗಿದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲು ೨೦೨೫ರ ವೇಳೆಗೆ ದೇಶದಲ್ಲೆಲ್ಲ ಹರಡಿತು. ಹಳೆಯ ನೈಟ್ರೈಲ್ ರಬ್ಬರು ಎಥನಾಲನ್ನು ಹೀರಿ ಉಬ್ಬುತ್ತದೆ. ಎಥನಾಲ್ ನೀರನ್ನೂ ಸೆಳೆದುಕೊಳ್ಳುವುದರಿಂದ ತಗಡಿನ ಟ್ಯಾಂಕಿಗೆ ತುಕ್ಕಿನ ಭಯವೂ ಉಂಟು. ಹಳೆಯ ಗಾಡಿಗಳ ಕೆಲವು ರಬ್ಬರು ಭಾಗಗಳನ್ನು ಬೇಗನೆ ಬದಲಿಸಬೇಕಾಗಬಹುದೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ ೨೦೨೫ರ ಆಗಸ್ಟಿನಲ್ಲಿ ಹೇಳಿತು. ಅದು ಅಲ್ಪ ವೆಚ್ಚದ ಕೆಲಸವೆಂದೂ ಸೇರಿಸಿತು. ವೆಚ್ಚ ಅಲ್ಪವೆಂಬುದು ನಿಜ. ಆದರೆ ಯಾವ ಕೊಳವೆ, ಅದು ಎಲ್ಲಿದೆ, ಯಾರು ನೋಡಬೇಕು ಎಂಬುದನ್ನು ಗುಬ್ಬಿಯ ಅಡಕೆ ಬೆಳೆಗಾರನಿಗೆ ಬಿಡಿಸಿ ಹೇಳುವವರು ಬೇಕಲ್ಲ!

ಹುಡುಕುವಲ್ಲಿ ಹತಾರಕ್ಕಿಂತ ಮೊದಲು ವಿಚಾರ ಬೇಕು. ವಾಸನೆ ಯಾವಾಗ ಬರುತ್ತದೆ? ಟ್ಯಾಂಕು ತುಂಬಿಸಿದ ದಿನ ಬಂದು, ಪೆಟ್ರೋಲು ಅರ್ಧಕ್ಕಿಳಿದ ಮೇಲೆ ಮಾಯವಾದರೆ ದೋಷ ಟ್ಯಾಂಕಿನ ಮೇಲ್ಭಾಗದಲ್ಲಿರಬೇಕು: ತುಂಬುವ ಬಾಯಿಯ ರಬ್ಬರಿನಲ್ಲಿ, ಇಲ್ಲವೆ ಅಳತೆ ತೋರಿಸುವ ಫ್ಲೋಟಿನ ವಾಷರಿನಲ್ಲಿ. ಕಾರ್ಬುರೇಟರಿನ ಹಳೆಯ ಗಾಡಿಗಳಲ್ಲಿ ಪಂಪು ಎಂಜಿನಿನ ಮೈಗೆ ಅಂಟಿಕೊಂಡಿದ್ದು, ಪೆಟ್ರೋಲನ್ನು ಹಿಂದಿನ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಆದಕಾರಣ ಟ್ಯಾಂಕಿಗೂ ಪಂಪಿಗೂ ನಡುವೆ ಬಿರುಕಿದ್ದರೆ ಓಡುವಾಗ ಪೆಟ್ರೋಲು ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಏರಿನಲ್ಲಿ ಎಂಜಿನು ಮುಗ್ಗರಿಸುತ್ತದೆ, ಕೆಳಗೆ ಹನಿ ಮಾತ್ರ ಕಾಣದು. ಪಂಪಿನೊಳಗಿನ ಪೊರೆ ಹರಿದರಂತೂ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುವುದುಂಟು. ಅಳತೆ ಕಡ್ಡಿಯನ್ನು ಎಳೆದು ಮೂಸಿದರೆ ಇದು ತಿಳಿಯುತ್ತದೆ. ಆಯಿಲಿನ ಮಟ್ಟ ಇಳಿಯುವ ಬದಲು ಏರಿರುತ್ತದೆ. ಇಂಜೆಕ್ಷನ್ ಪದ್ಧತಿ ಬಂದ ಮೇಲಿನ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ವಾಯುಮಂಡಲದ ಒತ್ತಡದ ಸುಮಾರು ಮೂರು ಮಡಿ ಒತ್ತಡದಿಂದ ನೂಕುತ್ತದೆ. ಅಲ್ಲಿ ಕೂದಲೆಳೆಯ ಬಿರುಕೂ ತುಂತುರನ್ನು ಚಿಮ್ಮುತ್ತದೆ.

ಎಂಜಿನು ಆರಿದ ಮೇಲೆ, ಬಯಲಿನಲ್ಲಿ, ಕೀಲುಗಳನ್ನು ಒಣಬಟ್ಟೆಯಿಂದ ಒರೆಸಿ ಸೀಮೆಸುಣ್ಣದ ಪುಡಿಯನ್ನು ಸವರಿದರೆ ನೆನೆದ ಜಾಗ ಎದ್ದು ಕಾಣುವುದು. ಬೆಳಕಿಗೆ ಟಾರ್ಚು. ಬೆಂಕಿಕಡ್ಡಿ ಗೀರಿ ನೋಡುವ ಧೀರರಿಗೆ ನಮ್ಮ ಲೇಖನದ ಅಗತ್ಯವಿಲ್ಲ.

ಟ್ಯಾಂಕಿನ ತೂತಿಗೆ ಬಾರ್ ಸೋಪು ತಿಕ್ಕುವ ಪದ್ಧತಿ ಗ್ಯಾರೇಜುಗಳಿಗೆಲ್ಲ ಗೊತ್ತು. ಪೆಟ್ರೋಲಿನಲ್ಲಿ ಸೋಪು ಕರಗದಾದ್ದರಿಂದ ಅದು ನಿಲ್ಲುತ್ತದೆ. ಮಳೆಯ ನೀರಿನಲ್ಲಿ ಕರಗುತ್ತದೆ. ಕುಣಿಗಲಿನ ದಾರಿಯಲ್ಲಿ ಕೆಟ್ಟು ನಿಂತವರಿಗೆ ಮೆಕ್ಯಾನಿಕನು ಬಂದು ಸೇರುವವರೆಗೆ ಅದು ನೆರವಾದೀತು, ಮಳೆಗಾಲ ಕಳೆಯಲು ಸಾಲದು. ಕೊಳವೆಯ ಬಿರಿದ ತುದಿಯನ್ನು ಕೊಯ್ದು ಮತ್ತೆ ಸಿಕ್ಕಿಸುವುದೂ ಅಂಥದೇ. ಉಳಿದ ಭಾಗಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ತೆಗೆದು, ಎಥನಾಲನ್ನು ತಡೆಯಬಲ್ಲ ಫ್ಲೋರೊ ರಬ್ಬರಿನ ಒಳಪದರವುಳ್ಳ ಕೊಳವೆಯನ್ನು ಹಾಕಿಸುವುದು ಲೇಸು. ಅಂಥ ಕೊಳವೆಯ ಮೈಮೇಲೆ ‘ಎಸ್‌ಎಇ ಜೆ ೩೦ ಆರ್ ೯’ ಎಂಬ ಗುರುತಿರುತ್ತದೆ. ಅಂಗಡಿಯಲ್ಲಿ ಅದನ್ನು ಓದಿ ಕೊಳ್ಳಬೇಕು. ಟ್ಯಾಂಕಿಗೆ ಬೆಸುಗೆ ಹಾಕಿಸುವವರು ತುಂಬಿದ ಟ್ಯಾಂಕಿಗಿಂತ ಬರಿದಾದದ್ದು ಹೆಚ್ಚು ಅಪಾಯಕರವೆಂಬುದನ್ನು ಮರೆಯಬಾರದು. ಅದರೊಳಗೆ ಆವಿಯೂ ಗಾಳಿಯೂ ಬೆರೆತು ಕಾದಿರುತ್ತವೆ. ಚೆನ್ನಾಗಿ ತೊಳೆದು ಆವಿಯನ್ನು ಕಳೆಯದೆ ಬೆಂಕಿ ತೋರಿಸಲಾಗದು.

ಇಂತಹ ತಪಾಸಣೆಯನ್ನು ಒಡೆಯನ ಮರ್ಜಿಗೆ ಬಿಟ್ಟಿರುವುದು ಸರಿಯಲ್ಲವೆಂಬುದು ನಮ್ಮ ಮತ. ಹೊಗೆ ತಪಾಸಣೆಯ ಚೀಟಿಯಿಲ್ಲದ ಕಾರು ದಂಡ ತೆರಬೇಕು. ಆದರೆ ಆ ತಪಾಸಣೆಯಲ್ಲಿ ಹೊಗೆ ನಳಿಗೆಯೊಳಗೆ ಸಲಾಕೆ ತೂರಿಸಿ ಕಾರ್ಬನ್ ಮಾನಾಕ್ಸೈಡು, ಹೈಡ್ರೊಕಾರ್ಬನ್ನುಗಳನ್ನು ಅಳೆಯುತ್ತಾರೆಯೇ ಹೊರತು, ಅದೇ ಹೈಡ್ರೊಕಾರ್ಬನ್ನು ಕಾರಿನ ಹೊಟ್ಟೆಯಡಿ ಹನಿಹನಿಯಾಗಿ ಆವಿಯಾಗುತ್ತಿದ್ದರೆ ಬಗ್ಗಿ ನೋಡುವವರಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಸ್ವಂತ ಕಾರಿನ ನೋಂದಣಿ ೧೫ ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಮುದಿ ರಬ್ಬರಿಗೆ ಐದು ವರ್ಷ ಬಹಳ ದೀರ್ಘ. ಹೊಗೆ ತಪಾಸಣೆಯಾದರೆ ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ನಡೆಯುತ್ತದೆ. ಆ ಹೊತ್ತಿನಲ್ಲಿಯೇ, ಎಂಜಿನು ತಿರುಗುತ್ತಿರುವಾಗ, ಕೋಲಿಗೆ ಕಟ್ಟಿದ ಕನ್ನಡಿಯೊಂದನ್ನು ಕಾರಿನಡಿ ಹಾಯಿಸಿ, ಟಾರ್ಚು ಬಿಟ್ಟು ನೋಡಿ, ಚೀಟಿಯಲ್ಲಿ ‘ಸೋರಿಕೆ ಇಲ್ಲ’ ಎಂದು ಒಂದು ಸಾಲು ಬರೆಯಲಿ. ಐದು ನಿಮಿಷದ ಕೆಲಸ. ಸಾರಿಗೆ ಇಲಾಖೆ ಇದನ್ನು ತುಮಕೂರಿನಿಂದಲೇ ಆರಂಭಿಸಬಹುದು.