ಶಾಲೆಗಳಲ್ಲಿ ವರ್ಚುವಲ್ ರಿಯಾಲಿಟಿ: ಸಾಧನಕ್ಕೆ ಮೊದಲು ದೃಶ್ಯದ ಆಯ್ಕೆ

ಶಾಲೆಗಳಿಗೆ ಗಣಕಯಂತ್ರ, ಪ್ರೊಜೆಕ್ಟರ್‌ಗಳನ್ನು ಪೂರೈಸುವ ವರ್ತಕರ ದರಪಟ್ಟಿಗಳಲ್ಲಿ ಈಗ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗಳೂ ಕಾಣಿಸಿಕೊಳ್ಳುತ್ತಿವೆ. ಬಸವಕಲ್ಯಾಣ, ಹುಮನಾಬಾದ್‌ಗಳ ಆಡಳಿತ ಮಂಡಳಿಗಳು ಇವುಗಳನ್ನು ಕೊಳ್ಳಲು ಯೋಚಿಸುವಾಗ ಬೆಲೆ ಮತ್ತು ವಾರಂಟಿಯ ವಿಚಾರ ಮುಂದೆ ಬರುವುದು ಸಹಜ. ಅದಕ್ಕೂ ಮೊದಲು ಕೇಳಬೇಕಾದುದು, ಮಕ್ಕಳು ಅದರೊಳಗೆ ಏನನ್ನು ನೋಡುತ್ತಾರೆ ಎಂಬುದು.

ತಯಾರಕರು ನಮೂದಿಸುವ ವಯೋಮಿತಿ ಸಾಧನಕ್ಕೆ ಸಂಬಂಧಿಸಿದ್ದು. ಮೆಟಾ ಸಂಸ್ಥೆಯು ತನ್ನ ಕ್ವೆಸ್ಟ್ ಸಾಧನಕ್ಕಿದ್ದ 13 ವರ್ಷದ ಮಿತಿಯನ್ನು 2023ರಲ್ಲಿ, ಪಾಲಕರ ನಿಯಂತ್ರಣದ ಖಾತೆಗಳಿಗೆ ಸೀಮಿತವಾಗಿ, 10ಕ್ಕೆ ಇಳಿಸಿತು. ಈ ಅಳತೆಯಲ್ಲಿ 4ನೆಯ ತರಗತಿಯವರೆಗಿನ ಮಕ್ಕಳು ಹೊರಗುಳಿಯುತ್ತಾರೆ. ಆದರೆ 5ನೆಯ ತರಗತಿಯ ಮಗುವಿಗೆ ಸಾಧನ ಒಪ್ಪಿತೆಂದ ಮಾತ್ರಕ್ಕೆ ಅದರೊಳಗಿನ ದೃಶ್ಯವೆಲ್ಲವೂ ಒಪ್ಪುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 12ನೆಯ ಶತಮಾನದ ಕಲ್ಯಾಣದ ಕಥನದಲ್ಲಿ ಅನುಭವ ಮಂಟಪದ ಸಂವಾದವಿದೆ, ಶರಣರ ಕಾಯಕವಿದೆ. ಹರಳಯ್ಯ, ಮಧುವರಸರಿಗೆ ವಿಧಿಸಲಾಯಿತೆನ್ನುವ ಎಳೆಹೂಟೆ ಶಿಕ್ಷೆಯೂ ಬಿಜ್ಜಳನ ಕೊಲೆಯೂ ಇವೆ. ಪುಸ್ತಕದಲ್ಲಾದರೆ ಆ ಶಿಕ್ಷೆ ಒಂದು ವಾಕ್ಯ. ಮಗು ಓದಿ ಪುಟ ತಿರುವುತ್ತದೆ. ಹೆಡ್‌ಸೆಟ್‌ನೊಳಗೆ ಮುಖ ತಿರುಗಿಸಿದರೂ ದೃಶ್ಯ ಸುತ್ತುವರಿದೇ ಇರುತ್ತದೆ, ಗುಂಪಿನ ಕೂಗು ಬೆನ್ನ ಹಿಂದಿನಿಂದ ಕೇಳುತ್ತದೆ. ಕಿರಿಯರಿಗೆ ಮಂಟಪ ಮತ್ತು ಕಾಯಕದ ದೃಶ್ಯಗಳು ಸಾಕು. ಶಿಕ್ಷೆಯ ಪ್ರಸಂಗವನ್ನು ಪ್ರೌಢಶಾಲೆಯಲ್ಲಿ ಶಿಕ್ಷಕರು ಮಾತಿನಲ್ಲಿ ವಿವರಿಸುವುದೇ ಲೇಸು. ಇದು ಚರಿತ್ರೆಯನ್ನು ಮರೆಮಾಚಿದಂತಾಗುವುದಿಲ್ಲ.

ಇನ್ನು, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ಮಕ್ಕಳು ಬಸ್ಸಿನಲ್ಲಿ ಹೋಗಿಯೇ ನೋಡಬಹುದು. ಅದಕ್ಕೆ ಹೆಡ್‌ಸೆಟ್ ಏಕೆ? ಹೃದಯದ ಕವಾಟ, ಸಮುದ್ರದ ತಳ, ಇಂತಹ ಕಣ್ಣಿಗೆ ನಿಲುಕದ ಸಂಗತಿಗಳಿಗೆ ವ್ಯಯಿಸಿದ ಹಣ ಸಾರ್ಥಕ.

ವ್ಯವಹಾರದ ದೃಷ್ಟಿಯಿಂದಲೂ ಎಚ್ಚರಿಕೆ ಅಗತ್ಯ. 2015ರಲ್ಲಿ ಶಾಲೆಗಳಿಗೆಂದು ಬಂದ ಗೂಗಲ್‌ನ ಎಕ್ಸ್‌ಪೆಡಿಷನ್ಸ್ ಆ್ಯಪ್ 2021ರಲ್ಲಿ ಸ್ಥಗಿತಗೊಂಡಿತು. ಸಾಧನ ಕೈಯಲ್ಲಿದ್ದರೂ ಪಾಠ ಇಲ್ಲವಾಗುವ ಸ್ಥಿತಿ ಅದು. ಆದುದರಿಂದ ದರಪಟ್ಟಿಯಲ್ಲಿ ದೃಶ್ಯಗಳಿಗೆ ಪ್ರತ್ಯೇಕ ಭಾಗವಿದ್ದು, ಪ್ರತಿಯೊಂದರ ತರಗತಿ, ಅವಧಿ, ಭಾಷೆ, ಎಷ್ಟು ವರ್ಷ ದೊರೆಯುವುದೆಂಬ ವಿವರಗಳಿರಬೇಕು. ಇದರಿಂದ ವರ್ತಕರಿಗೆ ಒಂದೆರಡು ದಿನದ ಕೆಲಸ ಹೆಚ್ಚಾದೀತು. ಮಾರಿದ ಮೇಲೆ ಪಾಲಕರ ಆಕ್ಷೇಪಕ್ಕೆ ಉತ್ತರ ಕೊಡುವ ಕಷ್ಟಕ್ಕೆ ಹೋಲಿಸಿದರೆ ಅದು ಅಲ್ಪ. ಆಯಾ ತರಗತಿಯ ಶಿಕ್ಷಕರು ಪ್ರತಿ ದೃಶ್ಯವನ್ನೂ ಕೊನೆಯವರೆಗೆ ಸ್ವತಃ ನೋಡಲಿ. ಅವರು ಬೇಡವೆಂದವುಗಳನ್ನು ಪಟ್ಟಿಯಿಂದ ತೆಗೆದ ನಂತರವೇ ಬಿಲ್ಲು ಸಿದ್ಧವಾಗಲಿ.