ಎಣ್ಣೆ ಯಾರದ್ದೋ, ದಂಡ ಮಗ್ಗಕ್ಕೆ

ಬೆಳಗಾವಿಯ ಖಾಸಬಾಗದ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದು ಕುಗ್ಗುತ್ತಿದೆ. ಮಗ್ಗ ಕಳಚಿ ಗುಜರಿಗೆ ತೂಗಿ ಕೊಟ್ಟ ಮನೆಗಳು ವಡಗಾವಿಯಲ್ಲೂ ಇವೆ. ನೂಲಿನ ಸಾಲ, ಕರೆಂಟ್ ಬಿಲ್ಲು, ದಲ್ಲಾಳಿಯ ಕಾಟ ಎಂದು ಕಣ್ಣೆದುರಿನ ಕಾರಣಗಳನ್ನೇ ಎಣಿಸುತ್ತ ಬಂದಿದ್ದೇವೆ. ದೂರದ ಕಾರಣದ ಕಡೆ ಯಾರೂ ನೋಡುತ್ತಿಲ್ಲ.

2025ರ ಆಗಸ್ಟ್ 7ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 25ರಷ್ಟು ಸುಂಕ ಹಾಕಿತು. ರಷ್ಯಾದ ಕಚ್ಚಾ ತೈಲ ಕೊಳ್ಳುತ್ತೀರೆಂದು 27ರಿಂದ ಮತ್ತೆ ಶೇ 25 ಹೇರಿತು. ಅದೇ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುತ್ತಿದ್ದ ಚೀನಾಕ್ಕೆ ಈ ದಂಡ ಬೀಳಲಿಲ್ಲ. ತಿರುಗಿ ಹೊಡೆಯುವ ತಾಕತ್ತಿದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು. ತೈಲ ತರಿಸಿದವು ದೊಡ್ಡ ಕಂಪನಿಗಳು. ಪೆಟ್ಟು ತಿಂದದ್ದು ಸಿದ್ಧ ಉಡುಪು, ಚರ್ಮ, ಸೀಗಡಿಯ ಕೂಲಿಗಳು. ಆಮೇಲೆ ಸುಂಕ ಏರಿಳಿದ ಕತೆ ಏನೇ ಇರಲಿ, ನಮ್ಮ ಬದುಕನ್ನು ಆಡಿಸುವ ಕೈ ಎಲ್ಲಿದೆ ಎಂಬುದು ಗೊತ್ತಾಯಿತು.

ನಮ್ಮ ಸೀರೆ ನ್ಯೂಯಾರ್ಕಿಗೆ ಹೋಗುವುದಿಲ್ಲವಲ್ಲ ಎನ್ನಬಹುದು. ಆದರೆ ಹೊರಗೆ ಮಾರಾಟವಾಗದ ಬಟ್ಟೆ ಒಳಪೇಟೆಗೇ ಬರುತ್ತದೆ. ಸೂರತ್‌ನ ಅಗ್ಗದ ಸೀರೆಯ ಮುಂದೆ ಮೊದಲೇ ಸೋತಿರುವ ನೇಕಾರ ಅದನ್ನೆಲ್ಲಿ ತಾಳಿಯಾನು? ಅವನ ಪಾಲಿಯೆಸ್ಟರ್ ನೂಲೂ ತೈಲದ ಕೂಸೇ. ಹತ್ತಿಯ ಕತೆ ಇನ್ನೂ ಕಟು: ಅದೇ ಆಗಸ್ಟ್ 19ರಂದು ದೆಹಲಿ ಆಮದು ಹತ್ತಿಯ ಮೇಲಿನ ಶೇ 11ರ ಸುಂಕ ತೆಗೆದು, ಆ ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ಎಳೆಯಿತು. ಗಿರಣಿಗೆ ಅನುಕೂಲವಾಯಿತು, ನಿಜ. ಆದರೆ ಅದು ನಮ್ಮ ಹತ್ತಿ ಬಿಡಿಸುವ ಕಾಲ. ಬೈಲಹೊಂಗಲ, ಸವದತ್ತಿಯ ರೈತರನ್ನು ಯಾರು ಕೇಳಿದರು?

ಇದು ಹೊಸ ರೋಗವಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ನಿಂತಾಗ ಇಂಗ್ಲೆಂಡ್ ಧಾರವಾಡ ಸೀಮೆಯತ್ತ ಕೈಚಾಚಿತು. ಆ ಹತ್ತಿಗೆ ಕಾರವಾರದ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಯುದ್ಧ ಮುಗಿಯಿತು, ದರ ಕುಸಿಯಿತು, ಸಾಲ ರೈತನ ಮನೆಯಲ್ಲೇ ಉಳಿಯಿತು. ಕರ್ನಾಟಕ–ಮಹಾರಾಷ್ಟ್ರ ಗಡಿಗಾಗಿ ಬಸ್ಸಿಗೆ ಮಸಿ ಬಳಿಯುವವರು, ಎರಡೂ ಕಡೆಯವರು, ಗಡಿಗಳು ಯಾರ ಲೆಕ್ಕಕ್ಕೆ ಸರಿದವು ಎಂಬುದನ್ನೂ ಒಮ್ಮೆ ಓದಲಿ.

ಇಂದಿನ ಆತಂಕವೂ ಇದೇ: ನಮ್ಮನ್ನು ಕೇಳದೆ ತೀರ್ಮಾನವಾಗುತ್ತದೆ. ವ್ಯಾಪಾರ ಒಪ್ಪಂದದ ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ರಾಜ್ಯಗಳಿಗೆ ತಿಳಿಯುವುದು ಸಹಿ ಬಿದ್ದ ಮೇಲೆ. ನಮ್ಮ ಸಂಸದರು ಕೇಳುವುದಿಲ್ಲ, ನಾವು ಅವರನ್ನು ಕೇಳುವುದಿಲ್ಲ. ವಿಧಾನಮಂಡಲದ ಚಳಿಗಾಲದ ಅಧಿವೇಶನ ಇಲ್ಲಿನ ಸುವರ್ಣಸೌಧದಲ್ಲಿ ಸೇರಿದಾಗ ಮಗ್ಗ, ಹತ್ತಿ, ಉದ್ಯಮಬಾಗದ ಫೌಂಡ್ರಿಗಳಿಗೆಂದೇ ಒಂದು ಪೂರ್ತಿ ದಿನ ಮೀಸಲಿಡಬೇಕು. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಾಜ್ಯದ ಅಭಿಪ್ರಾಯ ಲಿಖಿತವಾಗಿ ಪಡೆಯಬೇಕೆಂಬ ನಿರ್ಣಯ ಅದೇ ದಿನ ಆಗಬೇಕು.